ಭಾರತ ತಂಡದ ಇತಿಹಾಸ ಮತ್ತು ಒಂದು ಹುಟ್ಟಿದ ತಾರೀಕು

ಈ ಸಭೆಯ ಅಧ್ಯಕ್ಷರೂ ನಮ್ಮ ಶಾಲಾಭಿವೃದ್ಧಿ ಸಮಿತಿಯ ಹಿರಿಯರೂ ಆದ ಶ್ರೀ ಬೈರಪ್ಪನವರೇ, ಇದು ಬೆಳಗ್ಗೆಯಿಂದ ಮೂರನೆಯ ಸಮಾರಂಭವೆಂದು ಹೇಳಿಯೂ ನಗುಮುಖದಿಂದ ಕೂತಿರುವ ಮುಖ್ಯ ಅತಿಥಿಗಳೇ, ಮುಖ್ಯೋಪಾಧ್ಯಾಯಿನಿ ಶ್ರೀಮತಿ ಶೈಲಜಾ ಮೇಡಂ ಅವರೇ, ಪೀಣ್ಯದಲ್ಲಿ ಮೊದಲ ಪಾಳಿ ಮುಗಿಸಿ ಕೊರಳಿನ ಐಡಿ ಕಾರ್ಡನ್ನೂ ತೆಗೆಯದೆ ಓಡಿ ಬಂದಿರುವ ನನ್ನ ಹಳೆಯ ವಿದ್ಯಾರ್ಥಿಗಳೇ, ನಾಗಸಂದ್ರದ ಹಿರಿಯರೇ, ತಾಯಂದಿರೇ, ಸಭಿಕರೇ.

ಮೂವತ್ತೊಂದು ವರ್ಷ ಸೀಟಿ ಊದಿದ ಬಾಯಿ ಇದು. ಮೈಕಿನ ಮುಂದೆ ನಿಂತು ಅಭ್ಯಾಸವಿಲ್ಲ. ಆದರೂ ಆಹ್ವಾನ ಪತ್ರಿಕೆಯಲ್ಲಿ ‘ನಿವೃತ್ತರಾಗುತ್ತಿರುವ ದೈಹಿಕ ಶಿಕ್ಷಕ ಚಿಕ್ಕಮುನಿಯಪ್ಪನವರಿಂದ ಉಪನ್ಯಾಸ: ಭಾರತ ಹ್ಯಾಂಡ್‌ಬಾಲ್ ತಂಡದ ಇತಿಹಾಸ ಮತ್ತು ಸಾಧನೆ’ ಎಂದು ಅಚ್ಚಾಗಿಬಿಟ್ಟಿದೆ. ಸನ್ಮಾನ ಮಾಡಿಸಿಕೊಳ್ಳುವವನ ಕೈಯಲ್ಲೇ ಉಪನ್ಯಾಸವನ್ನೂ ಮಾಡಿಸುವುದು ಬೈರಪ್ಪನವರ ಜಾಣತನ. ಮುಖ್ಯ ಅತಿಥಿಗಳು ಈಗ ತಾನೇ ಮೂರು ಸಲ ‘ವಾಲಿಬಾಲ್’ ಎಂದರು. ಬೇಸರವಿಲ್ಲ ಸ್ವಾಮಿ. ನನ್ನ ಮದುವೆಯಲ್ಲೂ ನಮ್ಮ ಮಾವ ನೆಂಟರಿಗೆ ಹಾಗೆಯೇ ಪರಿಚಯ ಮಾಡಿಸಿದ್ದರು.

ಇತಿಹಾಸಕ್ಕೆ ಬರುತ್ತೇನೆ. ಐದು ಹಾಳೆ ಬರೆದುಕೊಂಡು ಬಂದಿದ್ದೇನೆ. ಎಪ್ಪತ್ತರ ದಶಕದಲ್ಲಿ ನಮ್ಮ ದೇಶದಲ್ಲಿ ಈ ಆಟಕ್ಕೊಂದು ಒಕ್ಕೂಟವಾಯಿತು. ಎಂಬತ್ತೆರಡರಲ್ಲಿ ದೆಹಲಿಯ ಏಷ್ಯಾಡ್‌ನಲ್ಲಿ ಮೊದಲ ಸಲ ಹ್ಯಾಂಡ್‌ಬಾಲ್ ಆಡಿಸಿದರು. ನಮಗೆ ಪದಕ ಬರಲಿಲ್ಲ. ಆಮೇಲೆ? ಆಮೇಲೆಯೂ ಏಷ್ಯಾಡ್‌ಗಳು ಬಂದವು, ಹೋದವು, ನಮಗೆ ಪದಕ ಬರಲಿಲ್ಲ. ಹಾಗಾದರೆ ಇದೆಂಥ ಇತಿಹಾಸ ಎಂದು ನೀವು ಕೇಳಬಹುದು. ಸೋತವರಿಗೂ ಇತಿಹಾಸ ಇರುತ್ತದೆ ಸಭಿಕರೇ, ಅದನ್ನು ಅಚ್ಚು ಹಾಕುವವರು ಇರುವುದಿಲ್ಲ ಅಷ್ಟೇ. ರೈಲಿನಲ್ಲಿ ಸೀಟಿಲ್ಲದೆ ನಿಂತುಕೊಂಡು ಹೋಗಿ ಭಾರತಕ್ಕೆ ಆಡಿಬಂದ ಹುಡುಗರನ್ನು ನಾನು ಬಲ್ಲೆ. ಊರಿಗೆ ಬಂದರೆ ‘ಎಲ್ಲೋ ಹೋಗಿದ್ದೆ ಇಷ್ಟು ದಿನ’ ಎಂದು ಕೇಳುತ್ತಿದ್ದರು.

ಕೊನೆಗೆ ಈ ವರ್ಷ, ಎರಡು ಸಾವಿರದ ಹದಿನಾರರ ಫೆಬ್ರವರಿಯಲ್ಲಿ, ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಗಂಡಸರಿಗೂ ಚಿನ್ನ, ಹೆಂಗಸರಿಗೂ ಚಿನ್ನ. ನಾನು ಓದುವ ಪತ್ರಿಕೆಯಲ್ಲಿ ಅಂಗೈಯಗಲದ ಸುದ್ದಿ. ಅದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೊರಟೆ. ಎಂಟನೇ ಮೈಲಿಯ ಬಸ್ ಸ್ಟಾಪಿನಲ್ಲಿ ಮಹಾಲಕ್ಷ್ಮಿ ಸಿಕ್ಕಳು.

ಮಹಾಲಕ್ಷ್ಮಿಯ ವಿಷಯ ಈ ಹಾಳೆಗಳಲ್ಲಿಲ್ಲ. ಆದರೂ ಹೇಳುತ್ತೇನೆ, ನಮ್ಮ ಶಾಲೆಯಿಂದ ಭಾರತ ತಂಡದ ಬಾಗಿಲ ತನಕ ಹೋದವಳು ಅವಳೊಬ್ಬಳೇ. ಹ್ಯಾಂಡ್‌ಬಾಲ್ ಅಂಕಣ ನಲವತ್ತು ಮೀಟರ್ ಉದ್ದ ಇರಬೇಕು. ನಮ್ಮದು ನೀರಿನ ಟ್ಯಾಂಕಿಗೆ ಜಾಗ ಕೊಟ್ಟು ಮೂವತ್ತೊಂದು ಉಳಿದಿತ್ತು. ಆ ಮೂವತ್ತೊಂದರಲ್ಲಿ ಈ ಕಡೆಯಿಂದ ಅವಳು ಎಸೆದರೆ ಆ ಕಡೆಯ ಗೋಲಿನ ಬಲೆ ಹರಿಯುತ್ತಿತ್ತು. ಎಡಗೈ ಹುಡುಗಿ. ಈ ಆಟದಲ್ಲಿ ಎಡಗೈಯವರು ಸಿಗುವುದೆಂದರೆ ಹುಡುಕಿಕೊಂಡು ಹೋದ ಬಳ್ಳಿ ಕಾಲಿಗೆ ತೊಡರಿದ ಹಾಗೆ. ಪ್ರಾಥಮಿಕ ಶಾಲೆಯಲ್ಲಿದ್ದಾಗಲೇ ಕಾಂಪೌಂಡಿನಾಚೆ ಶೆಡ್ಡಿನ ತಗಡಿಗೆ ಗುರಿಯಿಟ್ಟು ಕಲ್ಲು ಹೊಡೆಯುತ್ತಿದ್ದಳು. ಶೆಡ್ಡಿನ ಮಾಲೀಕರು ಬಂದು ಬೈದುಹೋಗುತ್ತಿದ್ದರು, ನಾನು ಮನಸ್ಸಿನಲ್ಲೇ ಕುಣಿಯುತ್ತಿದ್ದೆ.

ಎಂಟರಲ್ಲಿ ನಮ್ಮ ಶಾಲೆಗೆ ಸೇರಿದಳು. ಪಿ.ಟಿ. ಮೇಷ್ಟ್ರಿಗೆ ಬಿಡುವು ಜಾಸ್ತಿ, ಅಕ್ಷರ ದುಂಡಗಿದೆ ಎಂದು ದಾಖಲಾತಿ ಪುಸ್ತಕ ಬರೆಯುವ ಕೆಲಸವನ್ನು ಆಗಿನ ಹೆಡ್‌ಮಾಸ್ಟರು ನನಗೇ ಒಪ್ಪಿಸಿದ್ದರು. ಹುಟ್ಟಿದ ತಾರೀಕಿನ ವಿಷಯ ನಿಮಗೆ ಗೊತ್ತೇ ಇದೆ. ತಾಯಿ ತಂದೆಗೆ ನೆನಪಿಲ್ಲದಿದ್ದರೆ ಜೂನ್ ಒಂದು. ನಮ್ಮ ತಂಡದ ಹನ್ನೆರಡು ಹುಡುಗಿಯರಲ್ಲಿ ಒಂಬತ್ತು ಮಂದಿ ಜೂನ್ ಒಂದರಂದು ಹುಟ್ಟಿದವರು. ಒಂದು ಟೂರ್ನಮೆಂಟಿನಲ್ಲಿ ಅಧಿಕಾರಿಯೊಬ್ಬರು ಕೇಳಿದರು: ‘ಏನ್ರೀ, ನಿಮ್ಮೂರಲ್ಲಿ ವರ್ಷಕ್ಕೆ ಒಂದೇ ದಿನ ಹೆರಿಗೆ ಆಗೋದಾ?’

ನೀವು ನಗುತ್ತಿದ್ದೀರಿ. ನಾನೂ ನಕ್ಕಿದ್ದೆ.

ಬೈರಪ್ಪನವರು ಚೀಟಿ ಕಳಿಸಿದ್ದಾರೆ. ‘ಊಟ ರೆಡಿ’ ಅಂತಿದೆ. ಇನ್ನೈದು ನಿಮಿಷ ಕೊಡಿ ಬೈರಪ್ಪನವರೇ.

ಎಲ್ಲಿದ್ದೆ? ಬಸ್ ಸ್ಟಾಪಿನಲ್ಲಿ. ಪತ್ರಿಕೆಯ ತುಂಡು ತೋರಿಸಿದೆ. ‘ನೋಡ್ದೆ ಸಾರ್,’ ಅಂದಳು. ‘ಟೀ ಟೈಮಲ್ಲಿ ಯಾರೋ ಮೊಬೈಲಲ್ಲಿ ತೋರ್ಸಿದ್ರು. ನಮ್ಮಪ್ಪ ಒಂದು ತಾರೀಕು ಸರಿಯಾಗಿ ಹೇಳಿದ್ದಿದ್ರೆ ನಾನೂ ಇವ್ರ ಜೊತೆ ಕ್ಯಾಂಪಲ್ಲಿ ಇರ್ತಿದ್ದೆ ಅಲ್ವಾ ಸಾರ್?’

ನಾನು ಆ ತುಂಡನ್ನು ಮಡಿಸಿ ಮತ್ತೆ ಜೇಬಿನಲ್ಲಿಟ್ಟೆ. ಗಾರ್ಮೆಂಟ್ಸಿನ ಬಸ್ಸು ಬಂತು, ಹತ್ತಿ ಹೋದಳು. ಮಾರನೆಯ ವಾರ ಅವಳ ತಾಯಿ ಸೊಣ್ಣಮ್ಮ ಶಾಲೆಯ ಹತ್ತಿರ ಸಿಕ್ಕಾಗ ಗೊತ್ತಾಯಿತು, ಐದು ವರ್ಷದಿಂದ ಆ ಹುಡುಗಿ ತಂದೆಯ ಜೊತೆ ಮಾತಾಡಿಲ್ಲ. ಒಂದೇ ಮನೆ, ಎರಡೇ ಕೋಣೆ. ‘ಅವ್ರಿಗೆ ಊಟಕ್ಕೆ ಬರೋಕೇಳಮ್ಮ’ ಎಂದು ತಾಯಿಗೆ ಹೇಳುತ್ತಾಳಂತೆ. ಗೋಡೆಗೊರಗಿ ಕೂತಿರುವ ತಂದೆಗೆ ಅದು ಕೇಳಿಸಿರುತ್ತದೆ. ಆದರೂ ಸೊಣ್ಣಮ್ಮ ಹೋಗಿ ಇನ್ನೊಂದು ಸಲ ಹೇಳಬೇಕು.

ಆ ತಂದೆ ಲಕ್ಷ್ಮಣಪ್ಪನವರು. ಮೂರನೇ ಸಾಲಿನಲ್ಲಿದ್ದಾರೆ. ‘ಮಗಳ ವಯಸ್ಸು ಕದ್ದವನು’ ಎಂದು ಈ ಊರಿನಲ್ಲಿ ಅವರನ್ನು ಆಡಿಕೊಂಡಿದ್ದಾರೆ, ಟೀ ಅಂಗಡಿಯಲ್ಲಿ ಹಂಗಿಸಿದ್ದಾರೆ. ಹಂಗಿಸಿದವರು ಇಲ್ಲಿಯೂ ಇದ್ದೀರಿ.

ಸಭಿಕರೇ, ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಐದು ಹಾಳೆ ಇತಿಹಾಸ ಓದಿ, ಶಾಲು ಹೊದ್ದು, ಊಟ ಮಾಡಿ ಮನೆಗೆ ಹೋಗಬೇಕೆಂದಿದ್ದೆ. ಸುಸ್ತಾಗಿದೆ. ಈ ಮಾತನ್ನು ಹೊತ್ತು ತಿರುಗಿ ಸುಸ್ತಾಗಿದೆ.

ಲಕ್ಷ್ಮಣಪ್ಪನವರು ತಾರೀಕನ್ನು ತಪ್ಪಾಗಿ ಹೇಳಲಿಲ್ಲ. ಹಳೆಯ ಶಾಲೆಯ ಟಿ.ಸಿ.ಯಲ್ಲಿ ತೊಂಬತ್ತನಾಲ್ಕು ಎಂದಿತ್ತು. ದಾಖಲಾತಿ ಪುಸ್ತಕದಲ್ಲಿ ನಾನು ತೊಂಬತ್ತಾರು ಎಂದು ಬರೆದೆ. ಅಂಕಿಯಲ್ಲೂ ಬರೆದೆ, ಅಕ್ಷರದಲ್ಲೂ ಬರೆದೆ. ಹದಿನಾಲ್ಕರ ಹುಡುಗಿ ಹನ್ನೆರಡರವಳಾದಳು. ಅವಳಿಗೂ ಗೊತ್ತಿರಲಿಲ್ಲ. ನಮ್ಮ ಕಡೆ ಶಾಲೆಯಲ್ಲಿ ಬರೆದದ್ದೇ ತಾನೇ ವಯಸ್ಸು? ಚಿಕ್ಕವರ ವಿಭಾಗದಲ್ಲಿ ಆಡಿಸಿದೆ, ಕಪ್ಪು ಬಂತು, ನನಗೆ ಜಿಲ್ಲೆಯ ಉತ್ತಮ ಶಿಕ್ಷಕ ಪ್ರಶಸ್ತಿ ಬಂತು. ಎಲ್ಲ ಮೇಷ್ಟ್ರುಗಳೂ ಮಾಡುತ್ತಾರೆ, ನಾನೂ ಮಾಡಿದೆ ಎಂದು ಸಮಾಧಾನ ಹೇಳಿಕೊಂಡೆ.

ಎರಡು ಸಾವಿರದ ಹನ್ನೊಂದರಲ್ಲಿ ಹದಿನಾರರೊಳಗಿನವರ ರಾಷ್ಟ್ರೀಯ ಶಿಬಿರಕ್ಕೆ ಕರೆ ಬಂತು. ಊರೆಲ್ಲ ಸೇರಿ ಯಶವಂತಪುರಕ್ಕೆ ಹೋಗಿ ರೈಲು ಹತ್ತಿಸಿದೆವು. ಅಲ್ಲಿ ವಯಸ್ಸು ನೋಡಲು ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಯುತ್ತಾರೆ. ಅವಳು ಗೋಲು ಹೊಡೆಯುತ್ತಿದ್ದ ಅದೇ ಕೈ. ಮೂಳೆ ಕೂಡಿಕೊಂಡಿದೆ, ಹದಿನಾರು ದಾಟಿದೆ ಎಂದರು. ಎರಡು ವರ್ಷ ಆಡುವ ಹಾಗಿಲ್ಲ ಎಂದು ವಾಪಸು ಕಳಿಸಿದರು. ಆ ಎರಡು ವರ್ಷ ಮುಗಿಯುವಷ್ಟರಲ್ಲಿ ಅವಳು ಗಾರ್ಮೆಂಟ್ಸ್ ಸೇರಿಯಾಗಿತ್ತು. ಅದೇ ವರ್ಷ ದೊಡ್ಡವರ ವಿಭಾಗಕ್ಕೂ ಶಿಬಿರವಿತ್ತು. ನಿಜವಾದ ವಯಸ್ಸಿನಲ್ಲೇ ಅವಳು ಅದಕ್ಕೆ ಹೋಗಬಹುದಿತ್ತು. ಅಷ್ಟು ಚೆನ್ನಾಗಿ ಆಡುತ್ತಿದ್ದಳು. ಸುಳ್ಳಿನ ಅಗತ್ಯವೇ ಇರಲಿಲ್ಲ ಸಭಿಕರೇ! ನನಗೆ ತಾಳ್ಮೆ ಇರಲಿಲ್ಲ.

ತಪ್ಪು ತಾರೀಕು ಕೊಟ್ಟವರು ಯಾರು ಎಂದು ಇಲಾಖೆಯಿಂದ ಪತ್ರ ಬಂತು. ನಾನು ಲಕ್ಷ್ಮಣಪ್ಪನವರ ಮನೆಗೆ ಹೋದೆ. ನನ್ನ ಕೆಲಸ ಹೋಗುತ್ತದೆ, ನೀವೇ ತಪ್ಪು ಹೇಳಿದಿರಿ ಎಂದು ಬರೆದುಕೊಡಿ ಎಂದು ಕೈ ಮುಗಿದೆ. ಅವರು ಏನೆಂದರು ಗೊತ್ತೇ? ‘ನಂಗೆಲ್ಲಿ ಬರಿಯಾಕೆ ಬತ್ತದೆ ಮೇಷ್ಟ್ರೇ? ನೀವೇ ಬರ್ಕೊಳಿ, ಎಬ್ಬೆಟ್ಟು ಒತ್ತೀನಿ. ನೀವಿದ್ರೆ ಇನ್ನೂ ನಾಕು ಮಕ್ಳು ಆಡ್ತವೆ.’

ಬರೆದೆ. ಅವರ ತಪ್ಪೊಪ್ಪಿಗೆಯನ್ನೂ ನಾನೇ ಬರೆದೆ. ಪುಸ್ತಕದಲ್ಲೂ ನನ್ನ ಅಕ್ಷರ, ಪತ್ರದಲ್ಲೂ ನನ್ನ ಅಕ್ಷರ. ಯಾರೂ ಎರಡನ್ನೂ ಪಕ್ಕದಲ್ಲಿಟ್ಟು ನೋಡಲಿಲ್ಲ. ಮಗಳು ಆ ಹೆಬ್ಬೆಟ್ಟನ್ನು ನೋಡಿದಳು, ನಂಬಿದಳು. ಆ ಮನುಷ್ಯ ಮನೆಯಲ್ಲೂ ಬಾಯಿ ಬಿಡಲಿಲ್ಲ, ಹೆಂಡತಿಗೂ ಹೇಳಲಿಲ್ಲ.

ಮೊನ್ನೆ ಮೊನ್ನೆಯವರೆಗೆ ಕೆಲಸದ ಭಯವಿತ್ತು, ಈಗ ನಿವೃತ್ತಿಯ ದಿನ ಬಾಯಿ ಬಂದಿದೆ. ಇದನ್ನು ಧೈರ್ಯ ಎಂದು ಯಾರೂ ಹೊಗಳಬೇಡಿ. ಶೈಲಜಾ ಮೇಡಂ, ಆ ಪುಸ್ತಕ ನಿಮ್ಮ ಬೀರುವಿನಲ್ಲೇ ಇದೆ, ನಾಳೆ ತೆಗೆಸಿ ನೋಡಿ. ಇಲಾಖೆ ಏನು ಮಾಡಿದರೂ ನನ್ನ ತಕರಾರಿಲ್ಲ. ಬೈರಪ್ಪನವರೇ, ಆ ಶಾಲನ್ನು ಮಡಿಸಿ ಇಡಿ.

ಲಕ್ಷ್ಮಣಪ್ಪಣ್ಣ, ಯಾಕೆ ಎದ್ರಿ? ಕೂತ್ಕೊಳ್ಳಿ ಅಣ್ಣ. ಹೊರಗೆ ಹೋಗಬೇಡಿ. ತಲೆ ತಗ್ಗಿಸಬೇಕಾದವನು ನಾನು, ನೀವಲ್ಲ.

ಮಹಾಲಕ್ಷ್ಮಿ, ಬಾಗಿಲ ಹತ್ತಿರ ನೀನೇ ನಿಂತಿದ್ದೀಯಮ್ಮ. ನನ್ನ ಜೊತೆ ನೀನು ಇನ್ನು ಮಾತಾಡದಿದ್ದರೂ ಸರಿ, ಅದು ನ್ಯಾಯ. ಆದರೆ ನಿಮ್ಮಪ್ಪ ನಿನ್ನ ಕಡೆಗೇ ಬರುತ್ತಿದ್ದಾರೆ. ಅವರನ್ನು ದಾಟಿಹೋಗಲು ಬಿಡಬೇಡ.

ಭಾರತ ತಂಡದ ಇತಿಹಾಸ ಇನ್ನೂ ಮೂರು ಹಾಳೆ ಉಳಿದಿದೆ. ಯಾರಿಗಾದರೂ ಬೇಕಿದ್ದರೆ ಮೇಜಿನ ಮೇಲಿಟ್ಟಿರುತ್ತೇನೆ. ಇಷ್ಟು ಹೊತ್ತು ಕೇಳಿದಿರಿ, ನಿಮಗೆಲ್ಲ ನಾನು ಋಣಿ. ಮೈಕಿನವರು ದಯವಿಟ್ಟು ಇದನ್ನು ಆಫ್ ಮಾಡಿ. ಅವರಿಬ್ಬರೂ ಮೆಲ್ಲಗೆ ಮಾತಾಡುವವರು. ನಮಸ್ಕಾರ.