ಬಾದಾಮಿ ಹಾಲಿಗೆ ಬಿದ್ದ ಹಸುವಿನ ಹಾಲು

ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗೆ ಕಾದಿದ್ದ ದರ್ಜಿ, ಬಾಯೊಳಗೇ ಸ್ತುತಿಪದ್ಯವೊಂದನ್ನು ಹೇಳಿಕೊಳ್ಳುತ್ತಿದ್ದ. ಪಕ್ಕದಲ್ಲಿ ಅಕ್ಕತಂಗಿಯರ ದನಿ ಏರಿತು. ಪದ್ಯ ಅರ್ಧಕ್ಕೇ ನಿಂತಿತು.

"ಹಸುವಿನ ಹಾಲು ನನ್ನ ಮಗಳಿಗೆ ಒಗ್ಗಲ್ಲ, ವಿಷ ಅಂತ ಎಷ್ಟು ಸಲ ಬಡ್ಕೊಂಡಿದೀನಿ ಅಕ್ಕಾ?"

"ಬಟ್ಟಲಲ್ಲಿ ಬರೀ ನೀರು, ಮೇಲೆ ಕಪ್ಪು ಕಾಳು ತೇಲ್ತಿತ್ತು ಕಣೇ. ಹಸಿದ ಮಗು ಅದನ್ನ ಹೇಗೆ ತಿನ್ನತ್ತೆ ಅಂತ ಒಂದು ಲೋಟ ಗಟ್ಟಿ ಹಾಲು ಸುರಿದೆ."

"ನೀರಲ್ಲ ಅದು, ಬಾದಾಮಿ ರುಬ್ಬಿ ಹಿಂಡಿದ ಹಾಲು! ಚಿಯಾ ಬೀಜ ಅದ್ರಲ್ಲಿ ನೆನೆದು ಉಬ್ಬಿದ್ರೆ ತಾನೇ ಪುಡ್ಡಿಂಗ್ ಆಗತ್ತೆ. ಫ್ರಿಜ್ಜಲ್ಲಿಟ್ಟು ಕೆಲಸಕ್ಕೆ ಹೋಗಿದ್ದು ಅದಕ್ಕೇ."

"ನಂಗೇನು ಕನಸು ಬಿದ್ದಿತ್ತಾ? ಹೇಳಿ ಹೋಗ್ಬೇಕಿತ್ತು."

"ಹೇಳಿದ್ದೆ! 'ಬೀಜ ತಿನ್ನೋಕೆ ಅವಳೇನು ಗುಬ್ಬಚ್ಚೀನಾ' ಅಂತ ನಕ್ಕೆ ನೀನು. ಈಗ ನಗು! ತುಟಿ ಊದಿ ಒಳಗೆ ಉಸಿರಿಗೆ ಒದ್ದಾಡ್ತಿದೆ ಮಗು."

ಅಕ್ಕ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ನರ್ಸ್ ಬಾಗಿಲು ತೆರೆದಳು. "ಉಸಿರು ಈಗ ಸರಾಗ ಆಗಿದೆ. ತಿಂದಿದ್ದರಲ್ಲಿ ಏನೇನಿತ್ತು ಅಂತ ಡಾಕ್ಟರಿಗೆ ಸರಿಯಾಗಿ ಹೇಳ್ಬೇಕು. ಯಾರು ಬರ್ತೀರಿ?"

"ಸುರಿದವಳೇ ಬಂದು ಹೇಳ್ಲಿ," ಎಂದಳು ತಂಗಿ.

ಅಕ್ಕ ಎದ್ದಳು. ತಂಗಿಯ ಕಣ್ಣು ಅವಳ ಕಾಲಿನ ಮೇಲೆ ಬಿತ್ತು.

"ಒಂದೊಂದು ಕಾಲಿಗೆ ಒಂದೊಂದು ಚಪ್ಪಲಿ! ಮಗೂನ ಎತ್ಕೊಂಡು ಹೀಗೇ ಓಡ್ಬಂದ್ಯಾ?"

ಸಿಟ್ಟು ಇಳಿದಿರಲಿಲ್ಲ. ಆದರೂ ಎಡವುತ್ತಿದ್ದ ಅಕ್ಕನ ರಟ್ಟೆ ಹಿಡಿದೇ ಒಳಗೆ ನಡೆದಳು.

ಬಾಗಿಲು ಮುಚ್ಚಿತು. ದರ್ಜಿ ಪದ್ಯದ ಉಳಿದರ್ಧವನ್ನು, ತಾನು ಕಾಣದ ಆ ಮಗುವಿಗಾಗಿ ಹೇಳಿ ಮುಗಿಸಿದ.