ಕುರಿ ಕರೆಯುವ ಹಾಡಿಗೆ ಪಿಯಾನೋ

ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಕುರಿ ಕಾಯುವ ಕರಿಯಣ್ಣನ ಪಕ್ಕ ಇಬ್ಬರು ಬಂದು ಕೂತರು. ಕ್ಲಾರಿನೆಟ್ ಡಬ್ಬಿ ಹಿಡಿದ ದುರುಗೇಶ್, ಸ್ವರ ಬರೆದ ಹಾಳೆ ಹಿಡಿದ ಪಿಯಾನೋ ಟೀಚರ್ ಪ್ರೀತಿ.

“ನಮ್ಮಜ್ಜಿ ಕುರಿ ಕರೆಯೋ ಹಾಡು ಇದು. ಮೂರನೇ ಸಾಲು ಆದ್ಮೇಲೆ ಪಿಯಾನೋ ಬ್ಯಾಡ್ರಿ,” ಎಂದ ದುರುಗೇಶ್.

ಕುರಿ ಎಂದೊಡನೆ ಕರಿಯಣ್ಣನ ಕಿವಿ ನೆಟ್ಟಗಾಯಿತು.

“ನೀವಲ್ಲಿ ಉಸಿರು ತಗಂತೀರಲ್ಲ. ಖಾಲಿ ಬಿಟ್ರೆ ನಾಳೆ ದುರ್ಗದ ಕಾರ್ಯಕ್ರಮದಾಗೆ ಜನ ನಾನು ನುಡಿಸೋದು ಮರೆತೆ ಅಂದ್ಕೊಂತಾರೆ.”

“ಅಜ್ಜಿನೂ ಅಲ್ಲೇ ನಿಲ್ಲಿಸೋಳು. ಹಾಡ್ತಾ ಇದ್ರೆ ಕುರಿ ಮೇಯ್ಕಂಡೇ ಇರ್ತಾವೆ. ನಿಲ್ಸಿದ್ರೇನೇ ತಲೆ ಎತ್ತಿ ನೋಡೋದು.”

“ಜನಾನೂ ನೋಡ್ತಾರೆ ಅಂತೀರಾ?”

“ನೋಡೇ ನೋಡ್ತಾರೆ.”

ಪ್ರೀತಿ ಅಲ್ಲಿದ್ದ ಸ್ವರಗಳನ್ನು ಹೊಡೆದುಹಾಕಿದಳು. ಚಿತ್ರದುರ್ಗದ ಬಸ್ಸು ಬಂತು. ದುರುಗೇಶ್ ಹಾಡು ಗುನುಗುತ್ತಲೇ ಹತ್ತಿದ. ಮೂರನೇ ಸಾಲು ಮುಗಿದು ಗುನುಗು ನಿಂತಾಗ, ಎಲೆಗೆ ಸುಣ್ಣ ಹಚ್ಚುತ್ತಿದ್ದ ಕರಿಯಣ್ಣ ತಲೆ ಎತ್ತಿ ನೋಡಿದ.