ಬಾಗಿಲು ತೆಗೆದವರಿಗೆ ಡಬ್ಬಿ

ಯಾವುದೋ ಸಂಸ್ಥೆಯ ಅರಿವು ಕಾರ್ಯಕ್ರಮ ಮುಗಿಸಿಕೊಂಡು ಇಬ್ಬರು ಹೆಂಗಸರು ಕೂಡ್ಲಿಗಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಬಂದು ಕೂತರು. ಹಿರಿಯವಳ ಮಡಿಲಲ್ಲಿ ಹೊಸ ಸ್ಟೀಲ್ ಡಬ್ಬಿ ಇತ್ತು. ಕಣ್ಣುಗಳು ಇನ್ನೂ ಕೆಂಪಗಿದ್ದವು.

"ಜಂಬಕ್ಕ, ಹಂಗ್ಯಾಕ ಅಳ್ತಿದ್ದಿ?"

"ಕಣ್ಣಿಗೆ ಆ ಸಿನಿಮಾ ತೋರ್ಸೋ ಪೆಟ್ಟಿಗಿ ಕಟ್ಟಿದ್ರಲ್ಲ, ಒಳಗ ನಾನೇ ಆ ಹುಡುಗಿ ಆಗಿದ್ದೆ. ಕೆಲಸ ಕೊಡಿಸ್ತೀನಂತ ಕರ್ಕಂಡು ಹೋಗಿ ಮಾರಿಬಿಟ್ರು ನನ್ನ, ಗಾಳೆಮ್ಮ!"

"ನಾ ಹೊರಗ ಹೋದಾಗ ಡಬ್ಬಿ ಯಾಕ ಕೊಟ್ರು?"

"ಆಮ್ಯಾಲೆ ಆಟದಾಗ ನನ್ನ ಆ ಹುಡುಗಿ ಓಣಿಯಾಕಿ ಮಾಡಿದ್ರು. ಆಕಿ ತಪ್ಪಿಸ್ಕಂಡು ಬಂದು ಬಾಗಿಲು ಬಡಿತಾಳ. ಎಲ್ಲರಿಗಿಂತ ಮೊದ್ಲು ತೆಗೆದಾಕಿ ನಾನೇ. ಮೇಡಂ ಅಪ್ಕಂಡುಬಿಟ್ರು."

"ಮೊನ್ನಿ ನಮ್ಮ ಓಣಿ ದುರ್ಗಾ ಪುಣೆಯಿಂದ ತಪ್ಪಿಸ್ಕಂಡು ಬಂದು ನಿನ್ನ ಬಾಗಿಲು ಬಡಿದ್ಳಲ್ಲ, ಆವಾಗ ಯಾಕ ಚಿಲಕ ಹಾಕ್ಕಂಡಿ?"

"ನನಗ ಮದಿವಿಗೆ ಬಂದ ಮಗಳದಾಳ. ಆಟದಾಗ ಮಗಳೆಲ್ಲಿದ್ಳು? ನೀ ಬಾಗಿಲು ತೆಗೆದಿಯೇನು?"

"ನಾ ಕಿಡಕ್ಯಾಗ ನೋಡಿದೆ."

ಕೊಟ್ಟೂರಿನ ಬಸ್ ಬಂತು. ಇಬ್ಬರೂ ಹತ್ತಿದರು, ಹಿಂದೆ ನಾನೂ ಹತ್ತಿದೆ.

"ಅಲ್ಲೊಂದು ಸೀಟು ಖಾಲಿ ಐತಿ, ಕುಂದ್ರು ಯಕ್ಕಾ."

"ಪಕ್ಕದಾಗ ಯಾರು ಕುಂತಾರ ನೋಡು ಮೊದ್ಲು."

"ಅಯ್ಯ, ದುರ್ಗಾ."

"ನಿಂತ್ಕಂಡೇ ಹೋಗಾಣ."

ಕಿಟಕಿಯ ಪಕ್ಕ ಕೂತಿದ್ದ ಹುಡುಗಿ ಇವರತ್ತ ತಿರುಗಿದಳು. ನಿಂತವರ ಸಾಮಾನನ್ನು ಕೂತವರು ಹಿಡಿದುಕೊಳ್ಳುವಂತೆ ಕೈ ಚಾಚಿದಳು.

"ಅತ್ತಿ, ಡಬ್ಬಿ ಇಲ್ಲಿ ಕೊಡು. ನಾ ಹಿಡ್ಕಂತೀನಿ."

ಜಂಬಕ್ಕ ಡಬ್ಬಿಯನ್ನು ಎದೆಗವಚಿಕೊಂಡಳು.

"ಬ್ಯಾಡ ಬಿಡವ್ವ. ಖಾಲಿ ಐತಿ."

ಬಸ್ ಹೊರಟಿತು.